ಕರೆದಾತನೂ ಕೆಲಸವೂ: ಯೂರೋಪಿನ ಸಭಾಚರಿತ್ರೆಯಿಂದ ನಮಗೊಂದು ಪಾಠ

ಮಳೆ ಇದ್ದರೂ, ಡ್ಯೂಟಿ ಮುಗಿಸಿ ದಣಿದಿದ್ದರೂ ಬಂದಿದ್ದೀರಿ. ಕರ್ತನು ನಿಮ್ಮನ್ನು ಆಶೀರ್ವದಿಸಲಿ.

ಸತ್ಯವೇದ ತೆಗೆಯೋಣ. ಎರಡು ಭಾಗ. 1 ಕೊರಿಂಥದವರಿಗೆ 7ನೇ ಅಧ್ಯಾಯ, 17ರಿಂದ 24ನೇ ವಚನ. ಇನ್ನೊಂದು, ವಿಮೋಚನಕಾಂಡ 31ನೇ ಅಧ್ಯಾಯ, 1ರಿಂದ 5. ಮೊದಲನೆಯದರಲ್ಲಿ ಪೌಲನು, ದೇವರು ನಿಮ್ಮನ್ನು ಕರೆದಾಗ ನೀವು ಯಾವ ಸ್ಥಿತಿಯಲ್ಲಿ ಇದ್ದಿರೋ ಅಲ್ಲೇ ದೇವರ ಸಂಗಡ ಇರಬಹುದು ಅನ್ನುತ್ತಾನೆ. ಎರಡನೆಯದರಲ್ಲಿ ಬೆಚಲೇಲ ಅನ್ನುವ ಒಬ್ಬ ಕೆಲಸಗಾರ ಬರುತ್ತಾನೆ. ಅವನ ಹತ್ತಿರ ಕೊನೆಯಲ್ಲಿ ಬರ್ತೀನಿ, ಬೆರಳಿಟ್ಟುಕೊಂಡಿರಿ.

ಇವತ್ತು ಸ್ವಲ್ಪ ಚರಿತ್ರೆ ಇದೆ. ಚರಿತ್ರೆ ಅಂದ ಕೂಡಲೇ ಹಿಂದಿನ ಸಾಲಿನ ಯೌವನಸ್ಥರು ಫೋನ್ ತೆಗೆಯಬೇಡಿ. ಯಾಕೆ ಈ ಪಾಠ ಅಂತ ಮೊದಲು ಹೇಳ್ತೀನಿ.

ಕಳೆದ ತಿಂಗಳು ಉಪವಾಸ ಪ್ರಾರ್ಥನೆ ಆದ ಮೇಲೆ ಒಬ್ಬ ತಮ್ಮ ಬಂದು, "ಪಾಸ್ಟರ್, ನಾನು ಕೆಲಸ ಬಿಡ್ತೀನಿ. ಲೋಕದ ಕೆಲಸ ಸಾಕು, ದೇವರ ಕೆಲಸ ಮಾಡ್ತೀನಿ" ಅಂದ. ಮನೆಯಲ್ಲಿ ಹೆಂಡತಿ, ಚಿಕ್ಕ ಮಗು, ಕಟ್ಟಬೇಕಾದ ಸಾಲ. ಯಾವ ಸೇವೆ ಅಂತ ಕೇಳಿದರೆ ಗೊತ್ತಿಲ್ಲ. ಕೆಲಸ ಬಿಟ್ಟರೆ ದೇವರಿಗೆ ಹತ್ತಿರ ಆಗ್ತೀನಿ ಅನ್ನೋದು ಮಾತ್ರ ಗೊತ್ತು. ಅದೇ ವಾರ, ಹೌಸ್‌ಕೀಪಿಂಗ್ ಕೆಲಸ ಮಾಡುವ ಒಬ್ಬ ಅಕ್ಕನಿಗೆ ಸಾಕ್ಷಿ ಹೇಳಿ ಅಂದೆ. "ನಾನೇನು ಹೇಳಲಿ ಪಾಸ್ಟರ್, ನಾನು ಬರೀ ಕ್ಲೀನಿಂಗ್ ಮಾಡೋಳು" ಅಂದರು.

ಈ ಎರಡು ಮಾತು ನನ್ನನ್ನು ಮಲಗಲು ಬಿಡಲಿಲ್ಲ. ಯಾಕಂದ್ರೆ ಇದನ್ನು ಅವರಿಗೆ ಕಲಿಸಿದ್ದು ಯಾರು? ಈ ಪ್ರಸಂಗಪೀಠದಲ್ಲಿ ನಿಂತ ನಾನೇ. ಇಂಥದ್ದೇ ಬೋಧನೆ ಸಾವಿರ ವರ್ಷಗಳ ಹಿಂದೆ ಯೂರೋಪಿನಲ್ಲೂ ಇತ್ತು. ಅದು ಹೇಗೆ ಬದಲಾಯಿತು, ಬದಲಾದ ಮೇಲೆ ಇನ್ನೊಂದು ಗುಂಡಿಗೆ ಹೇಗೆ ಬಿತ್ತು, ನೋಡೋಣ.

1. ಎರಡು ಮೆಟ್ಟಿಲಿನ ಕ್ರೈಸ್ತತ್ವ

ನಾಲ್ಕನೆಯ ಶತಮಾನದಲ್ಲಿ ಕೈಸರೈಯದ ಬಿಷಪ್ ಯೂಸೇಬಿಯಸ್ ಇದ್ದ. ಸಭೆಯ ಚರಿತ್ರೆ ಬರೆದವನು. ಕ್ರೈಸ್ತರಿಗೆ ಎರಡು ವಿಧವಾದ ಜೀವನ ಉಂಟು ಎಂದು ಅವನು ಬರೆದ. ಒಂದು ಪರಿಪೂರ್ಣ ಜೀವನ: ಮದುವೆ, ಮಕ್ಕಳು, ಆಸ್ತಿ ಇಲ್ಲದೆ ದೇವರ ಸೇವೆ ಮಾತ್ರ. ಇನ್ನೊಂದು ಅದಕ್ಕಿಂತ ಕೆಳಗಿನದು: ಹೊಲ, ವ್ಯಾಪಾರ, ಸಂಸಾರ ಇರುವವರದು. ಕೆಳಗಿನವರಿಗೂ ರಕ್ಷಣೆ ಉಂಟು. ಆದರೆ ಮೆಟ್ಟಿಲು ಎರಡನೆಯದು.

ಈ ಮೆಟ್ಟಿಲು ಮಧ್ಯಯುಗದ ಉದ್ದಕ್ಕೂ ನಿಂತಿತು. ಸುಮಾರು 1020ರ ದಶಕದಲ್ಲಿ ಫ್ರಾನ್ಸ್ ದೇಶದ ಅಡಾಲ್ಬೆರೊ ಎಂಬ ಬಿಷಪ್ ಜನರನ್ನು ಮೂರು ಭಾಗ ಮಾಡಿದ: ಪ್ರಾರ್ಥಿಸುವವರು, ಯುದ್ಧ ಮಾಡುವವರು, ದುಡಿಯುವವರು. ದುಡಿಯುವವರು ಉಳಿದ ಇಬ್ಬರಿಗೂ ಅನ್ನ ಹಾಕಬೇಕು. ಅವರ ಆತ್ಮಕ್ಕಾಗಿ ಪ್ರಾರ್ಥಿಸುವವರು ಪ್ರಾರ್ಥಿಸುತ್ತಾರೆ. ಹದಿಮೂರನೆಯ ಶತಮಾನದ ದೊಡ್ಡ ಪಂಡಿತ ಥಾಮಸ್ ಅಕ್ವಿನಾಸ್ ಕೂಡ ಲೂಕ 10ರ ಮಾರ್ಥ ಮರಿಯರನ್ನು ಮುಂದಿಟ್ಟು, ಧ್ಯಾನದ ಜೀವನವೇ ದುಡಿಮೆಯ ಜೀವನಕ್ಕಿಂತ ಮೇಲು ಎಂದು ಕಲಿಸಿದ. ಸಾಯುವಾಗಲಾದರೂ ನನಗೆ ಸನ್ಯಾಸಿಯ ಬಟ್ಟೆ ತೊಡಿಸಿ ಅಂತ ಕೇಳಿಕೊಂಡವರೂ ಇದ್ದರು. ಬದುಕಿದ್ದಾಗ ಹತ್ತಲಾಗದ ಮೆಟ್ಟಿಲನ್ನು ಹೆಣವಾಗಿಯಾದರೂ ಹತ್ತಬೇಕು ಅಂತ.

ಇಂಗ್ಲಿಷಿನಲ್ಲಿ ವೊಕೇಶನ್ ಅನ್ನುವ ಪದ ಇದೆಯಲ್ಲ, ಅದು ಲ್ಯಾಟಿನ್ ಭಾಷೆಯ ಕರೆ ಅನ್ನುವ ಪದದಿಂದ ಬಂದದ್ದು. ಆ ಕಾಲದಲ್ಲಿ ಕರೆ ಸಿಕ್ಕಿದೆ ಅಂದರೆ ಮಠ ಸೇರಿದ ಅಂತ ಅರ್ಥ. ರೈತನಿಗೆ ಕರೆ ಇಲ್ಲ, ಚಮ್ಮಾರನಿಗೆ ಕರೆ ಇಲ್ಲ, ಮಗುವಿಗೆ ಹಾಲು ಕುಡಿಸುವ ತಾಯಿಗೆ ಕರೆ ಇಲ್ಲ.

ಆದರೆ ನ್ಯಾಯವಾಗಿ ಮಾತಾಡೋಣ. ಮಧ್ಯಯುಗ ಪೂರ್ತಿ ಕತ್ತಲೆ ಅಂತ ನಾನೂ ಹೇಳಿದ್ದೆ, ಅದು ತಪ್ಪು. ಆರನೆಯ ಶತಮಾನದಲ್ಲಿ ಬೆನೆಡಿಕ್ಟ್ ಎಂಬವನು ಬರೆದ ನಿಯಮದಲ್ಲಿ ಸನ್ಯಾಸಿಗಳು ದಿನಾಲೂ ಕೈಯಿಂದ ದುಡಿಯಬೇಕೆಂದಿತ್ತು. ಅವರು ಹೊಲ ಉತ್ತರು, ರೋಗಿಗಳನ್ನು ನೋಡಿಕೊಂಡರು. ಸತ್ಯವೇದವನ್ನು ಕೈಬರಹದಲ್ಲಿ ನಕಲು ಮಾಡಿ ಉಳಿಸಿದವರೂ ಅವರೇ. ಆಗಲೂ ಕೆಲವರ ಕಣ್ಣು ತೆರೆದಿತ್ತು. ಸ್ಟ್ರಾಸ್‌ಬರ್ಗ್ ಊರಿನ ಪ್ರಸಂಗಿ ಯೋಹಾನ್ ಟೌಲರ್, 1361ರಲ್ಲಿ ತೀರಿಕೊಂಡವನು. ದೇವರ ಅತ್ಯಂತ ಆಪ್ತ ಸ್ನೇಹಿತರಲ್ಲಿ ಒಬ್ಬನನ್ನು ತಾನು ಬಲ್ಲೆ, ಅವನು ನಲವತ್ತು ವರ್ಷಕ್ಕೂ ಮೇಲೆ ಹೊಲ ಉಳುತ್ತಲೇ ಇದ್ದಾನೆ ಎಂದು ಅವನು ಪ್ರಸಂಗದಲ್ಲೇ ಹೇಳಿದ. ದೇವರು ಯಾವ ಕಾಲದಲ್ಲೂ ಸಾಕ್ಷಿ ಇಲ್ಲದೆ ಬಿಟ್ಟಿಲ್ಲ. ಹಲ್ಲೆಲೂಯಾ.

2. ಮೆಟ್ಟಿಲು ಮುರಿದ ಸನ್ಯಾಸಿ

1505ನೇ ಇಸವಿ, ಜುಲೈ 2. ಜರ್ಮನಿಯ ಸ್ಟೊಟರ್ನ್‌ಹೈಮ್ ಎಂಬ ಹಳ್ಳಿಯ ಹತ್ತಿರ ಕಾನೂನು ಓದುವ ಒಬ್ಬ ಹುಡುಗ ನಡೆದು ಬರ್ತಿದ್ದ. ಪಕ್ಕದಲ್ಲೇ ಸಿಡಿಲು ಹೊಡೀತು. ಹೆದರಿ ನೆಲಕ್ಕೆ ಬಿದ್ದು, ಬದುಕಿದರೆ ಸನ್ಯಾಸಿ ಆಗ್ತೀನಿ ಎಂದು ಸಂತ ಅನ್ನಳಿಗೆ ಹರಕೆ ಹೊತ್ತ. ಅವನೇ ಮಾರ್ಟಿನ್ ಲೂಥರ್. ಹದಿನೈದು ದಿನದಲ್ಲಿ ಮಠ ಸೇರಿದ. ಗಣಿ ಕೆಲಸದಿಂದ ಮೇಲೆ ಬಂದ ತಂದೆ ಹಾನ್ಸ್‌ಗೆ ತುಂಬಾ ಸಿಟ್ಟು. ಮಗ ವಕೀಲ ಆಗ್ತಾನೆ ಅಂತ ಕನಸು ಕಂಡಿದ್ದ ಮನುಷ್ಯ.

ಲೂಥರ್ ಮೇಲಿನ ಮೆಟ್ಟಿಲಲ್ಲಿ ನಿಂತು ನೋಡಿದ. ಉಪವಾಸ, ಜಾಗರಣೆ, ಪಾಪನಿವೇದನೆ ಎಲ್ಲಾ ಮಾಡಿದರೂ ಸಮಾಧಾನ ಇಲ್ಲ. ಕೊನೆಗೆ ರೋಮಾಪುರದವರಿಗೆ 1:17ರಲ್ಲಿ ಅವನಿಗೆ ಬೆಳಕು ಸಿಕ್ಕಿತು. ನೀತಿ ನಂಬಿಕೆಯಿಂದ ಬರುವುದಾದರೆ, ಮಠದ ಗೋಡೆಯೊಳಗಿನವನಿಗೂ ಹೊರಗಿನವನಿಗೂ ದೇವರ ಮುಂದೆ ಏನು ವ್ಯತ್ಯಾಸ?

1520ರಲ್ಲಿ ಜರ್ಮನಿಯ ಪ್ರಭುಗಳಿಗೆ ಬರೆದ ಪುಸ್ತಕದಲ್ಲಿ ಅವನು ಇದನ್ನು ಬಿಚ್ಚಿ ಹೇಳಿದ. ಆಧಾರ, 1 ಪೇತ್ರ 2:9. ದೀಕ್ಷಾಸ್ನಾನ ಹೊಂದಿದವರೆಲ್ಲರೂ ಯಾಜಕರೇ. ಚಮ್ಮಾರ, ಕಮ್ಮಾರ, ರೈತ, ಒಬ್ಬೊಬ್ಬರಿಗೂ ಒಂದೊಂದು ಕೆಲಸ ಕೊಡಲ್ಪಟ್ಟಿದೆ, ಅದರಿಂದ ಒಬ್ಬರಿಗೊಬ್ಬರು ಸೇವೆ ಮಾಡಬೇಕು. 1522ರಲ್ಲಿ ಮದುವೆಯ ಬಗ್ಗೆ ಬರೆಯುತ್ತಾ, ತಂದೆಯಾದವನು ನಂಬಿಕೆಯಿಂದ ಮಗುವಿನ ಬಟ್ಟೆ ಒಗೆದರೆ ಲೋಕ ನಗಬಹುದು, ಆದರೆ ದೇವರೂ ದೂತರೂ ಸಂತೋಷಪಡುತ್ತಾರೆ ಅನ್ನೋ ಅರ್ಥದಲ್ಲಿ ಹೇಳಿದ. ಸಹೋದರರೇ, ಆಮೆನ್ ಹೇಳಿ. ಸಹೋದರಿಯರು ಆಗಲೇ ಹೇಳಿಬಿಟ್ಟರು!

ಜರ್ಮನ್ ಭಾಷೆಯಲ್ಲಿ ಬೆರೂಫ್ ಎಂಬ ಪದ ಇದೆ, ಕರೆ ಎಂಬ ಮೂಲದಿಂದ ಬಂದದ್ದು. ಲೂಥರ್ ಅದನ್ನು ಜನರ ದಿನನಿತ್ಯದ ಕೆಲಸಕ್ಕೆ ಬಳಸಿದ. ಇಂದಿಗೂ ಜರ್ಮನಿಯಲ್ಲಿ ನಿಮ್ಮ ಉದ್ಯೋಗ ಏನು ಅಂತ ಕೇಳಬೇಕಾದರೆ ಅದೇ ಪದ. ಕೇಳುವವರಿಗೆ ಗೊತ್ತಿಲ್ಲದಿರಬಹುದು, ಆದರೆ ಆ ಪದದೊಳಗೆ ದೇವರ ಕರೆ ಅವಿತು ಕೂತಿದೆ.

ಲೂಥರನ ಕುಂದನ್ನೂ ಹೇಳಬೇಕು. ಅವನ ಬೋಧನೆಯಲ್ಲಿ, ನೀನು ಇದ್ದ ಸ್ಥಾನದಲ್ಲೇ ಇರು ಅನ್ನುವ ಭಾರ ಹೆಚ್ಚಾಯಿತು. 1525ರಲ್ಲಿ ಜರ್ಮನಿಯ ರೈತರು, ಕ್ರಿಸ್ತನು ನಮ್ಮನ್ನೂ ತನ್ನ ರಕ್ತದಿಂದ ಕೊಂಡುಕೊಂಡಿರುವಾಗ ನಾವು ಯಾಕೆ ಜೀತದವರಾಗಿರಬೇಕು ಎಂದು ಕೇಳಿದರು. ದಂಗೆ ಎದ್ದಾಗ ಲೂಥರ್ ಅವರ ವಿರುದ್ಧ ಬಹಳ ಕಠಿಣವಾಗಿ ಬರೆದ. ನಾವು ಓದಿದ ಭಾಗದ 21ನೇ ವಚನ ನೋಡಿ. ಬಿಡುಗಡೆ ಸಿಗುವುದಾದರೆ ಅದನ್ನು ಉಪಯೋಗಿಸಿಕೋ ಅನ್ನುತ್ತಾನೆ ಪೌಲ. ಕರೆ ಅನ್ನೋದು ಬೇಡಿ ಅಲ್ಲ. ಈ ಕೆಲಸಕ್ಕೇ ನೀನು ಹುಟ್ಟಿದ್ದು ಅಂತ ಯಾರಾದರೂ ನಿಮ್ಮನ್ನು ತುಳಿದರೆ, ಅದು ದೇವರ ಧ್ವನಿ ಅಲ್ಲ. ಇದು ನಮ್ಮ ದೇಶದವರಿಗೆ ವಿವರಿಸಿ ಹೇಳಬೇಕಾಗಿಲ್ಲ.

3. ಕೆಲಸ ಬೆಳೆಯಿತು, ದುಡ್ಡೂ ಬೆಳೆಯಿತು

ಲೂಥರನ ನಂತರ ಇಂಗ್ಲೆಂಡಿನ ಪ್ಯೂರಿಟನ್ನರು ಈ ಬೋಧನೆಯನ್ನು ಮುಂದಕ್ಕೆ ಒಯ್ದರು. ವಿಲಿಯಂ ಪರ್ಕಿನ್ಸ್ ಎಂಬ ಬೋಧಕ, 1602ರಲ್ಲಿ ತೀರಿಕೊಂಡವನು, ಎರಡು ಕರೆಗಳಿವೆ ಎಂದ. ಎಲ್ಲರಿಗೂ ಒಂದೇ ಆಗಿರುವ ಕರೆ: ಕ್ರಿಸ್ತನವರಾಗಿರುವುದು. ಒಬ್ಬೊಬ್ಬನಿಗೆ ಬೇರೆ ಬೇರೆಯಾದ ಕರೆ: ಅವನವನ ಕೆಲಸ. ಕುರಿ ಕಾಯುವುದು ದೇವರ ದೃಷ್ಟಿಯಲ್ಲಿ ತೀರ್ಪು ಕೊಡುವುದಕ್ಕೂ ಪ್ರಸಂಗ ಮಾಡುವುದಕ್ಕೂ ಸಮಾನವಾದ ಒಳ್ಳೆಯ ಕೆಲಸ ಎಂದು ಕಲಿಸಿದ. ಇಲ್ಲಿ ಮೊದಲನೆಯ ಕರೆ ಎರಡನೆಯದನ್ನು ಆಳಬೇಕು, ಅದು ಮುಖ್ಯ.

ಈಗ ಏನಾಯಿತು ನೋಡಿ. ಕುಡಿತ ಬಿಟ್ಟು, ಸೋಮಾರಿತನ ಬಿಟ್ಟು, ದೇವರಿಗೆಂದು ದುಡಿಯುವವನ ಕೈಯಲ್ಲಿ ದುಡ್ಡು ಉಳಿಯುತ್ತೆ. ಜಾನ್ ವೆಸ್ಲಿ ಇದನ್ನು ತನ್ನ ಸಭೆಗಳಲ್ಲೇ ಕಣ್ಣಾರೆ ಕಂಡ. ಅವನ ಬೋಧನೆ ಮೂರು ಭಾಗದ್ದು: ನ್ಯಾಯವಾಗಿ ಎಷ್ಟಾಗುತ್ತೋ ಅಷ್ಟು ಗಳಿಸಿ, ಎಷ್ಟಾಗುತ್ತೋ ಅಷ್ಟು ಉಳಿಸಿ, ಎಷ್ಟಾಗುತ್ತೋ ಅಷ್ಟು ಕೊಡಿ. ಆದರೆ ಜನ ಮೊದಲೆರಡು ಕಲಿತು ಮೂರನೆಯದನ್ನು ಮರೆತರು. 1786ರಲ್ಲಿ, ಮುದುಕನಾಗಿದ್ದಾಗ, ವೆಸ್ಲಿ ಕಳವಳದಿಂದ ಬರೆದ: ಭಕ್ತಿ ಶ್ರಮವನ್ನು ಹುಟ್ಟಿಸುತ್ತೆ, ಶ್ರಮ ಐಶ್ವರ್ಯವನ್ನು ತರುತ್ತೆ, ಐಶ್ವರ್ಯ ಹೆಚ್ಚಿದಲ್ಲಿ ಭಕ್ತಿ ಕುಗ್ಗುತ್ತೆ, ಇದಕ್ಕೇನು ಮಾಡುವುದು ಎಂದು.

ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಹೆಸರು ಕೇಳಿದ್ದೀರಿ. 1706ರಲ್ಲಿ ಬಾಸ್ಟನ್ ಊರಿನಲ್ಲಿ ಹುಟ್ಟಿದ. ತಂದೆ ಮೇಣದಬತ್ತಿ, ಸಾಬೂನು ಮಾಡುವವನು, ಭಕ್ತ. ಜ್ಞಾನೋಕ್ತಿ 22:29ನ್ನು ಮಗನಿಗೆ ಮತ್ತೆ ಮತ್ತೆ ಹೇಳಿಕೊಟ್ಟಿದ್ದ. ಕೆಲಸದಲ್ಲಿ ಚುರುಕಾದವನು ರಾಜರ ಮುಂದೆ ನಿಲ್ಲುತ್ತಾನೆ ಅನ್ನುವ ವಚನ. ಮಗ ದೊಡ್ಡವನಾಗಿ ಐದು ಮಂದಿ ರಾಜರ ಮುಂದೆ ನಿಂತೆ, ಡೆನ್ಮಾರ್ಕಿನ ರಾಜನೊಡನೆ ಊಟಕ್ಕೂ ಕೂತೆ ಎಂದು ತನ್ನ ಜೀವನಚರಿತ್ರೆಯಲ್ಲಿ ಬರೆದುಕೊಂಡ. ವಚನ ನೆರವೇರಿತು. ಆದರೆ ಯೇಸು ದೇವರೋ ಅಲ್ಲವೋ ಎಂಬುದರಲ್ಲಿ ನನಗೆ ಸಂಶಯ ಉಂಟು ಎಂದು, ಸಾಯುವ ಕೆಲವೇ ವಾರ ಮೊದಲು, 1790ರಲ್ಲಿ ಅವನೇ ಪತ್ರ ಬರೆದ. ತಂದೆಯಿಂದ ಶ್ರಮ ಬಂತು, ಶಿಸ್ತು ಬಂತು, ವಚನವೂ ಬಂತು. ತಂದೆ ಆರಾಧಿಸಿದ ಕ್ರಿಸ್ತನು ಮಾತ್ರ ದಾರಿಯಲ್ಲಿ ಕೈಬಿಟ್ಟುಹೋದ. ಸಮಯ ಅಂದರೆ ಹಣ ಎಂದು 1748ರಲ್ಲಿ ಯುವ ವ್ಯಾಪಾರಿಗೆ ಬುದ್ಧಿ ಹೇಳಿದವನೂ ಇವನೇ. ಬೆನೆಡಿಕ್ಟನ ಮಠದಲ್ಲಿ ಗಂಟೆ ಹೊಡೆದರೆ ಪ್ರಾರ್ಥನೆಯ ಹೊತ್ತು ಅಂತ. ಫ್ರಾಂಕ್ಲಿನ್ನನ ಗಡಿಯಾರದಲ್ಲಿ ಗಂಟೆ ಹೊಡೆದರೆ ಲಾಭವೋ ನಷ್ಟವೋ ಅಂತ.

4. ಕರೆ ಉಳಿಯಿತು, ಕರೆದಾತನು ಇಲ್ಲ

ಮ್ಯಾಕ್ಸ್ ವೆಬರ್ ಎಂಬ ಜರ್ಮನ್ ಪಂಡಿತ 1904, 1905ರಲ್ಲಿ ಇದೇ ವಿಷಯವನ್ನು ಬರೆದ. ಬೈಬಲ್ ಕಾಲೇಜಿನಲ್ಲಿ ನಮಗೆ ಅರ್ಧ ಪುಟ ಪಾಠ ಇತ್ತು. ಅವನ ಎಲ್ಲಾ ವಾದವನ್ನೂ ವಿದ್ವಾಂಸರು ಒಪ್ಪುವುದಿಲ್ಲ. ಲೂಥರನಿಗಿಂತ ಮೊದಲೇ ಫ್ಲಾರೆನ್ಸ್, ವೆನಿಸ್ ಪಟ್ಟಣಗಳಲ್ಲಿ ದೊಡ್ಡ ವ್ಯಾಪಾರ, ಬ್ಯಾಂಕು ಎಲ್ಲಾ ಇತ್ತಲ್ಲ ಅನ್ನುತ್ತಾರೆ, ಸರಿಯೇ. ಆದರೆ ಅವನು ಹೇಳಿದ ಒಂದು ವಿಷಯ ನನ್ನನ್ನು ಹಿಡಿದು ನಿಲ್ಲಿಸಿತು. ಆ ಹಳೆಯ ಭಕ್ತರು ತಾವಾಗಿ ಬಯಸಿ ಕರೆಯಲ್ಲಿ ದುಡಿದರು, ನಾವು ಬೇರೆ ದಾರಿ ಇಲ್ಲದೆ ದುಡಿಯುತ್ತೇವೆ ಅನ್ನುವುದು ಅದರ ಸಾರ. ಇದನ್ನು ಬರೆದವನ ಕಥೆ ಗೊತ್ತಾ? 1897ರಲ್ಲಿ ಅವನ ತಂದೆ ತೀರಿಕೊಂಡ ಮೇಲೆ ಮನಸ್ಸು ಕುಸಿದು, ವರ್ಷಗಟ್ಟಲೆ ಪಾಠ ಮಾಡಲಾಗದೆ, 1903ರಲ್ಲಿ ಪ್ರೊಫೆಸರ್ ಕೆಲಸವನ್ನೇ ಬಿಟ್ಟ. ಕೆಲಸವೇ ಮನುಷ್ಯನ ಬೆಲೆ ಆಗಿರುವ ಲೋಕದಲ್ಲಿ ಕೆಲಸ ಮಾಡಲಾಗದೆ ಕೂತವನ ನೋವು ಅವನಿಗೆ ಗೊತ್ತಿತ್ತು.

ಇವತ್ತು ಪದಗಳೇ ಬದಲಾಗಿವೆ. ವೊಕೇಶನಲ್ ಕೋರ್ಸ್ ಅಂದರೆ ಹೊಲಿಗೆ, ವೆಲ್ಡಿಂಗ್. ದೊಡ್ಡ ಕೆಲಸಕ್ಕೆ ಕರಿಯರ್ ಅನ್ನುತ್ತೇವೆ. ಆ ಪದಕ್ಕೆ ಮೊದಲಿದ್ದ ಅರ್ಥ ಓಟದ ಪಥ. ಕರೆಯಲ್ಲಿ ಕರೆದವನ ಮುಖ ನೋಡ್ತೀವಿ. ಓಟದಲ್ಲಿ ಮುಂದೆ ಓಡುವವನ ಬೆನ್ನು ನೋಡ್ತೀವಿ. ಅದಕ್ಕೇ ಕೆಲಸ ಹೋದ ದಿನ ಮನುಷ್ಯ ಹಗ್ಗ ಹುಡುಕುವಷ್ಟು ಒಡೆದುಹೋಗ್ತಾನೆ. ಇಲ್ಲಿ ಯಾರಾದರೂ ಈ ಸ್ಥಿತಿಯಲ್ಲಿ ಇದ್ದರೆ, ಆರಾಧನೆ ಮುಗಿದ ಮೇಲೆ ಒಬ್ಬರೇ ಮನೆಗೆ ಹೋಗಬೇಡಿ, ನನ್ನ ಹತ್ತಿರ ಬನ್ನಿ.

5. ಇದು ನಮ್ಮ ತನಕ ಬಂದ ದಾರಿ

ಈ ಬೋಧನೆ ಯೂರೋಪಿನಲ್ಲೇ ಉಳಿಯಲಿಲ್ಲ. ಚಪ್ಪಲಿ ಹೊಲಿಯುತ್ತಿದ್ದ ವಿಲಿಯಂ ಕೇರಿ 1793ರಲ್ಲಿ ಭಾರತಕ್ಕೆ ಬಂದ. 1817ರಲ್ಲಿ ಸಿರಾಂಪುರದಲ್ಲಿ ಅಚ್ಚಾದ ಕನ್ನಡ ವ್ಯಾಕರಣ ಆ ಚಮ್ಮಾರನ ಕೈಯದ್ದು. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದರು. ಯೇಸುವನ್ನು ನಂಬಿದವರಿಗೆ ಜಾತಿಯವರು ಕೆಲಸ, ಆಶ್ರಯ ಎರಡನ್ನೂ ತಪ್ಪಿಸಿದಾಗ, ಇವರು ಬರೀ ಪ್ರಾರ್ಥನೆ ಮಾಡಿ ಕಳಿಸಲಿಲ್ಲ. ಅಚ್ಚುಕೂಟ, ನೇಯ್ಗೆ, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಮಂಗಳೂರು ಹೆಂಚಿನ ಕೆಳಗೆ ಮಲಗಿದವರೆಲ್ಲಾ ಈ ಪಾಠದ ನೆರಳಲ್ಲಿ ಮಲಗಿದವರೇ.

ನಮ್ಮ ಪೆಂಟೆಕೋಸ್ಟ್ ಮೂಲವೂ ಅಷ್ಟೇ. 1906ರಲ್ಲಿ ಲಾಸ್ ಏಂಜಲೀಸ್ ಪಟ್ಟಣದ ಅಜೂಸಾ ಬೀದಿಯ ಉಜ್ಜೀವನವನ್ನು ನಡೆಸಿದ ವಿಲಿಯಂ ಸೀಮೋರ್ ಹೋಟೆಲುಗಳಲ್ಲಿ ವೇಟರ್ ಆಗಿದ್ದವನು, ದಾಸರಾಗಿದ್ದ ತಂದೆತಾಯಿಯ ಮಗ. ಮೊದಲು ಕೂಡಿ ಪ್ರಾರ್ಥಿಸಿದವರಲ್ಲಿ ಬಟ್ಟೆ ಒಗೆಯುವ ಹೆಂಗಸರಿದ್ದರು. ಪವಿತ್ರಾತ್ಮನು ಇಳಿದು ಬರುವ ಮೊದಲು ಯಾರ ಉದ್ಯೋಗವನ್ನೂ ಕೇಳಲಿಲ್ಲ.

ಹಾಗಾದರೆ ನಾವು ಏನು ಮಾಡಿದೆವು? ಮುರಿದ ಮೆಟ್ಟಿಲನ್ನು ಮತ್ತೆ ಕಟ್ಟಿದೆವು. ಪೂರ್ಣಕಾಲಿಕ ಸೇವಕನಿಗೆ ಮುಂದಿನ ಕುರ್ಚಿ, ಉಳಿದವರದು ಲೋಕದ ಕೆಲಸ. ಜೊತೆಗೆ ಇನ್ನೊಂದು ಗುಂಡಿಗೂ ಬಿದ್ದೆವು. ಪ್ರಮೋಶನ್ ಬಂದವರನ್ನು ಮುಂದೆ ಕರೆದು ಸಾಕ್ಷಿ ಹೇಳಿಸ್ತೀವಿ, ಕೆಲಸ ಕಳೆದುಕೊಂಡವರನ್ನು ನಿಮ್ಮ ಜೀವನದಲ್ಲಿ ಏನೋ ತಡೆ ಇದೆ ಅಂತ ಸಂಶಯದಿಂದ ನೋಡ್ತೀವಿ. ಮಧ್ಯಯುಗದ ತಪ್ಪು ಒಂದು ಕೈಯಲ್ಲಿ, ಆಧುನಿಕ ಕಾಲದ ತಪ್ಪು ಇನ್ನೊಂದು ಕೈಯಲ್ಲಿ.

ನನ್ನ ಪಾಪವನ್ನೂ ಹೇಳಿಬಿಡ್ತೀನಿ. ನಮ್ಮಪ್ಪ ಗಾರೆ ಕೆಲಸ ಮಾಡ್ತಿದ್ದರು. ಬೈಬಲ್ ಕಾಲೇಜಿನ ಅರ್ಜಿಯಲ್ಲಿ ತಂದೆಯ ಉದ್ಯೋಗ ಅನ್ನುವ ಜಾಗದಲ್ಲಿ ನಾನು ಕಂಟ್ರಾಕ್ಟರ್ ಎಂದು ಬರೆದೆ. ಅವರಿಗೆ ಓದಲು ಬರುತ್ತಿರಲಿಲ್ಲ. "ಏನು ಬರೆದೆ?" ಅಂತ ಕೇಳಿದರು. "ನಿಮ್ಮ ಕೆಲಸ ಬರೆದೆ" ಅಂದೆ. ಅವರು ಖುಷಿಪಟ್ಟರು. ದೇವರ ಸೇವೆಗೆ ಹೋಗುವ ಅರ್ಜಿಯ ಮೊದಲ ಪುಟದಲ್ಲೇ ಸುಳ್ಳು.

ಚಿಕ್ಕವನಿದ್ದಾಗ ಅವರ ಜೊತೆ ಕೆಲಸಕ್ಕೆ ಹೋಗ್ತಿದ್ದೆ. ಗೋಡೆಗೆ ತೂಗುಗುಂಡು ಬಿಟ್ಟು ನೋಡೋರು, ಮತ್ತೆ ನೋಡೋರು. "ಅಪ್ಪಾ, ಗಿಲಾವು ಆದ ಮೇಲೆ ಯಾರಿಗೆ ಕಾಣುತ್ತೆ?" ಅಂದೆ. "ಒಳಗೆ ವಾಸ ಮಾಡೋರು ಇರ್ತಾರಲ್ಲ ಮಗಾ" ಅಂದರು. ಕೊಲೊಸ್ಸೆಯವರಿಗೆ 3:23 ಅವರಿಗೆ ಬಾಯಿಪಾಠ ಇರಲಿಲ್ಲ, ಕೈಪಾಠ ಇತ್ತು. ಲೂಥರ್ 1521ರಲ್ಲಿ ಸನ್ಯಾಸದ ಹರಕೆಗಳ ಬಗ್ಗೆ ಬರೆದ ಪುಸ್ತಕವನ್ನು, ಎದುರು ಹಾಕಿಕೊಂಡಿದ್ದ ತನ್ನ ತಂದೆಗೇ ಅರ್ಪಿಸಿದ. ಅವನಿಗೆ ಆ ಅವಕಾಶ ಇತ್ತು. ನಮ್ಮಪ್ಪ ತೀರಿಕೊಂಡು ಆರು ವರ್ಷ ಆಯಿತು. ನಾನು ಕ್ಷಮೆ ಕೇಳಲಿಲ್ಲ. ಹಾಗಾಗಿ ನಿಮ್ಮ ಮುಂದೆ ಹೇಳ್ತಿದ್ದೀನಿ: ನಮ್ಮಪ್ಪ ಗಾರೆಯವರು. ಅದು ದೇವರು ಕೊಟ್ಟ ಕೆಲಸ.

6. ಬೆಚಲೇಲನನ್ನು ನೋಡಿ

ಈಗ ಬೆರಳಿಟ್ಟ ಜಾಗಕ್ಕೆ ಬನ್ನಿ. ವಿಮೋಚನಕಾಂಡ 31. ಅವನನ್ನು ನನ್ನ ಆತ್ಮದಿಂದ ತುಂಬಿಸಿದ್ದೇನೆ ಎಂದು ದೇವರು ಹೆಸರು ಹಿಡಿದು ಹೇಳುವ ಮೊದಲನೆಯ ಮನುಷ್ಯ ಯಾರು? ಯಾಜಕನಾದ ಆರೋನನಲ್ಲ. ಬೆಚಲೇಲ. ಯಾಕೆ ತುಂಬಿಸಿದನು? ಬಂಗಾರ, ಬೆಳ್ಳಿ, ತಾಮ್ರ, ಮರ, ಕಲ್ಲು ಇವುಗಳ ಕೆಲಸಕ್ಕೆ. ಆತ್ಮಭರಿತರಾಗಬೇಕು ಅಂತ ಕಣ್ಣೀರಿಂದ ಕೇಳುವ ಪೆಂಟೆಕೋಸ್ಟಿನವರಾದ ನಾವು ಈ ವಚನವನ್ನು ಯಾಕೆ ದಾಟಿ ಹೋದೆವು?

ಪೌಲನು ಕೊರಿಂಥದಲ್ಲಿ ಗುಡಾರ ಹೊಲಿದನು, ಅಪೊಸ್ತಲರ ಕೃತ್ಯಗಳು 18:3. ನಮ್ಮ ಕರ್ತನನ್ನು ಊರಿನವರು ಬಡಗಿ ಅಂದರು, ಮಾರ್ಕ 6:3. ಅಲ್ಲಿ ಅದು ಹೀಯಾಳಿಸುವ ಮಾತು. ನಮಗೆ ಅದು ಸುವಾರ್ತೆ.

ಹಾಗಂತ ಪೂರ್ಣಕಾಲಿಕ ಸೇವೆ ಬೇಡ ಅಂತ ನಾನು ಹೇಳ್ತಿಲ್ಲ. ಪೇತ್ರನು ಬಲೆ ಬಿಟ್ಟನು, ಕರ್ತನೇ ಕರೆದನು. ನಿಮ್ಮನ್ನೂ ಕರೆದರೆ ಸಭೆ ಕೈಯಿಟ್ಟು ಕಳಿಸುತ್ತೆ. ಆದರೆ ಬಾಸ್ ಮೇಲಿನ ಸಿಟ್ಟು ಕರೆ ಅಲ್ಲ. ಆ ತಮ್ಮನಿಗೆ ನಾನು ಹೇಳಿದ್ದು ಇಷ್ಟೇ: ಮೂರು ತಿಂಗಳು ಅದೇ ಕೆಲಸವನ್ನು ಕರ್ತನಿಗೆ ಅಂತ ಮಾಡು, ಸಾಲ ಕಟ್ಟು, ಆಮೇಲೆ ಕೂತು ಪ್ರಾರ್ಥಿಸೋಣ. ಅವನಿಗೆ ಅಷ್ಟು ಇಷ್ಟ ಆಗಲಿಲ್ಲ. ಆದರೂ ಕೆಲಸಕ್ಕೆ ಹೋಗ್ತಿದ್ದಾನೆ.

ನಾನೂ ಸೋಮವಾರದಿಂದ ಶನಿವಾರದವರೆಗೆ ಒಂದು ಗೋಡೌನಿನಲ್ಲಿ ಲೆಕ್ಕ ಬರೆಯುವವನು. ಕರ್ತನು ನನ್ನನ್ನು ಈ ಕೆಲಸದಿಂದ ಬಿಡಿಸಲಿ ಅಂತ ಪ್ರಾರ್ಥಿಸಿ ಎಂದು ಎಷ್ಟೋ ಸಲ ನಿಮ್ಮನ್ನು ಕೇಳಿದ್ದೇನೆ. ಇನ್ನು ಮೇಲೆ ಹಾಗೆ ಕೇಳುವುದಿಲ್ಲ. ಲೆಕ್ಕ ಸರಿಯಾಗಿ ಬರೆಯುವ ಕೃಪೆ ಕೊಡಲಿ ಅಂತ ಪ್ರಾರ್ಥಿಸಿ.

ಈ ವಾರ ಒಂದು ಕೆಲಸ. ಬೆಳಿಗ್ಗೆ ಕೆಲಸ ಶುರು ಮಾಡುವ ಮೊದಲು, ಪೊರಕೆ ಆಗಲಿ, ಲ್ಯಾಪ್‌ಟಾಪ್ ಆಗಲಿ, ಆಟೋ ಕೀ ಆಗಲಿ, ಕೈಯಲ್ಲಿ ಹಿಡಿದು, "ಕರ್ತನೇ, ಇದು ನಿನಗೆ" ಅನ್ನಿ. ಕೆಲಸ ಇಲ್ಲದವರು ಖಾಲಿ ಕೈಯನ್ನೇ ಎತ್ತಿ ಹೇಳಿ. ಮೊದಲನೆಯ ಕರೆ, ಕ್ರಿಸ್ತನವರಾಗಿರುವ ಕರೆ, ನಿಮ್ಮಿಂದ ಯಾರೂ ಕಿತ್ತುಕೊಂಡಿಲ್ಲ. ಮುಂದಿನ ಭಾನುವಾರ ಸಾಕ್ಷಿಯ ಹೊತ್ತಿನಲ್ಲಿ ಮೊದಲು ಆ ಅಕ್ಕ ಬರ್ತಾರೆ. ನಾನು ಕೇಳಿದ್ದೇನೆ, ಅವರು ಹೂಂ ಅಂದಿದ್ದಾರೆ.

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನಿನ್ನ ಮಗನು ನಜರೇತಿನಲ್ಲಿ ಮರ ಕೆತ್ತಿದ ಕೈಗಳಿಂದಲೇ ನಮಗಾಗಿ ಮೊಳೆ ಹೊಡೆಸಿಕೊಂಡನು, ಸ್ತೋತ್ರ. ನೀನು ಮುರಿದ ಮೆಟ್ಟಿಲನ್ನು ನಾವು ಕಟ್ಟಿದ್ದೇವೆ, ಕ್ಷಮಿಸು. ಕೆಲಸವನ್ನೇ ದೇವರು ಮಾಡಿಕೊಂಡಿದ್ದೇವೆ, ಕ್ಷಮಿಸು. ಬೆಚಲೇಲನನ್ನು ತುಂಬಿಸಿದ ಆತ್ಮನಿಂದ ಈ ಜನರ ಕೈಗಳನ್ನು ತುಂಬಿಸು. ಕೆಲಸ ಕಳೆದುಕೊಂಡವರಿಗೆ ಬಾಗಿಲು ತೆರೆ. ಯೇಸುವಿನ ನಾಮದಲ್ಲಿ ಬೇಡುತ್ತೇವೆ. ಆಮೆನ್.